ದಂಡದ ಚೀಟಿ ಯಾರ ಕೈಗೆ?

ಓದುಗರ ಪತ್ರ: ನಮ್ಮ ಬಡಾವಣೆಯ ತಿಂಡಿ ಗಾಡಿಗಳವರು ಇನ್ನೂ ಥರ್ಮಾಕೋಲ್ ತಟ್ಟೆಯಲ್ಲೇ ಬಿಸಿ ತಿಂಡಿ ಕೊಡುತ್ತಿದ್ದಾರೆ. ನಿಷೇಧ ಬಂದು ಎಷ್ಟು ವರ್ಷಗಳಾದವು! ಹೋದ ವಾರ ಕೆಲವರಿಗೆ ದಂಡ ಬಿತ್ತು. ವ್ಯಾಪಾರ ಮುಳುಗುತ್ತದೆ ಎಂದು ಅವರು ಅಳುವುದೆಲ್ಲ ನಾಟಕ. ಒಂದೆರಡು ಗಾಡಿಗಳನ್ನು ಎತ್ತಿಸಿದರೆ ಉಳಿದವರು ತಾವಾಗಿ ದಾರಿಗೆ ಬರುತ್ತಾರೆ. ದಂಡ ತೆತ್ತವರ ಹೆಸರುಗಳನ್ನು ನಿಮ್ಮ ಪತ್ರಿಕೆ ಏಕೆ ಪ್ರಕಟಿಸಬಾರದು?
– ನಿವೃತ್ತ ಶಿಕ್ಷಕ, ಹಾಸನ

ಸಂಪಾದಕರ ಉತ್ತರ:

ಮೇಷ್ಟ್ರೇ, ನಮ್ಮ ಪತ್ರಿಕೆಗೆ ಈಗಲೂ ಶಾಯಿಯಲ್ಲಿ ಪತ್ರ ಬರೆಯುವವರು ನೀವೊಬ್ಬರೇ. ಕಾಗುಣಿತದ ತಪ್ಪೊಂದೂ ಇಲ್ಲದ ಆ ಪತ್ರವನ್ನು ಕಚೇರಿಯ ಹುಡುಗರಿಗೆಲ್ಲ ತೋರಿಸಿದೆ. ಆದರೆ "ಅಳುವುದೆಲ್ಲ ನಾಟಕ" ಎಂಬ ನಿಮ್ಮ ಮಾತು ನನಗೆ ಸಹಿಸಲಾಗಲಿಲ್ಲ. ಅದಕ್ಕೇ ಈ ಉತ್ತರ ಉದ್ದವಾಗಲಿದೆ.

ಥರ್ಮಾಕೋಲ್ ಒಳ್ಳೆಯ ವಸ್ತು ಎಂದು ನಾನು ವಾದಿಸುವುದಿಲ್ಲ. ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕನ್ನು ಅನಿಲದಿಂದ ಉಬ್ಬಿಸಿದರೆ ಥರ್ಮಾಕೋಲ್ ಆಗುತ್ತದೆ. ಅದು ಪುಡಿಯಾಗುತ್ತದೆಯೇ ಹೊರತು ಮಣ್ಣಾಗುವುದಿಲ್ಲ. ಅದರ ಮೂಲವಸ್ತುವಾದ ಸ್ಟೈರೀನನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2018ರಲ್ಲಿ "ಬಹುಶಃ ಕ್ಯಾನ್ಸರ್‌ಕಾರಕ" ಎಂಬ ಪಟ್ಟಿಗೆ ಸೇರಿಸಿದೆ. ಬಿಸಿ ಎಣ್ಣೆಯ ತಿಂಡಿಯನ್ನು ಅದರಲ್ಲಿ ಹಾಕಬಾರದು. ಇಷ್ಟರಮಟ್ಟಿಗೆ ನಾನು ನಿಮ್ಮ ಕಡೆಯವನೇ.

ಇನ್ನು ಗಾಡಿಯವರ ಮಾತಿಗೆ ಬರುತ್ತೇನೆ. ಚಿಕ್ಕಮಗಳೂರಿನಲ್ಲಿ ನಮ್ಮ ಕಚೇರಿಗೆ ಹತ್ತಿರದ ಒಂದು ತಿರುವಿನಲ್ಲಿ ಒಬ್ಬ ಹೆಂಗಸು ಸಂಜೆ ಐದರಿಂದ ಒಂಬತ್ತರವರೆಗೆ ಅಕ್ಕಿ ರೊಟ್ಟಿ, ಇಡ್ಲಿ ಮಾರುತ್ತಾರೆ. ದಂಡದ ಹೆದರಿಕೆಯಿಂದ ಅವರು ಬಾಳೆ ಎಲೆಗೆ ಬಂದವರು. ಒಂದು ಸಂಜೆ ನಿಂತು ನೋಡಿದೆ. ಎಲೆಯ ನಡುದಂಟನ್ನು ಚಾಕುವಿನಿಂದ ಹೆರೆದು ತೆಗೆದರು. ಕಾದ ಕಾವಲಿಯ ಅಂಚಿನ ಮೇಲೆ ಎಲೆಯನ್ನು ಒಮ್ಮೆ ಈಚೆಗೆ ಒಮ್ಮೆ ಆಚೆಗೆ ಎಳೆದರು. ಎಲೆ ಬಾಡಿ, ಬಣ್ಣ ಗಾಢವಾಗಿ, ಬಟ್ಟೆಯಂತೆ ಮೆತ್ತಗಾಯಿತು. ಅದರಲ್ಲಿ ಎರಡು ರೊಟ್ಟಿ, ಒಂದು ಮುದ್ದೆ ಕಾಯಿ ಚಟ್ನಿ ಇಟ್ಟು ನಾಲ್ಕು ಕಡೆಯಿಂದ ಮಡಚಿ ಬಾಳೆ ನಾರಿನಿಂದ ಬಿಗಿದರು. ಬಾಡಿಸದ ಎಲೆ ಮಡಚಿದಲ್ಲೇ ಸೀಳಿಬಿಡುತ್ತದೆ. ಒಂದು ಪೊಟ್ಟಣಕ್ಕೆ ಇಷ್ಟು ಹೊತ್ತು ಹಿಡಿಯುತ್ತದೆ, ಎದುರಿಗೆ ಆರು ಜನ ಕಾಯುತ್ತಿರುತ್ತಾರೆ. ಇಡ್ಲಿ ಕೇಳಿದವರು ಸಾಂಬಾರು ಕೇಳುತ್ತಾರೆ, ಸಾಂಬಾರು ಎಲೆಯಲ್ಲಿ ನಿಲ್ಲುವುದಿಲ್ಲ. "ಪಾತ್ರೆ ತಂದಿದ್ದೀರಾ?" ಎಂದು ಅವರು ಕೇಳಿದಾಗಲೆಲ್ಲ ಗಿರಾಕಿಯ ಮುಖ ಗಂಟಾಗುವುದನ್ನು ಕಣ್ಣಾರೆ ಕಂಡಿದ್ದೇನೆ.

ಅಲ್ಲೇ ನಿಂತು ತಿನ್ನುವವರಿಗೆ ಅಡಿಕೆ ಹಾಳೆಯ, ಎಂದರೆ ಅಡಿಕೆ ಸೋಗೆಯ ಬುಡದ ಅಗಲ ಭಾಗದ, ತಟ್ಟೆ. ಥರ್ಮಾಕೋಲ್ ತಟ್ಟೆಗಿಂತ ಒಂದಕ್ಕೆ ಎರಡು ರೂಪಾಯಿ ಹೆಚ್ಚು ಎಂದರು. ದಿನಕ್ಕೆ 120 ತಟ್ಟೆ ಹೋದರೆ 240 ರೂಪಾಯಿ. ಗ್ಯಾಸು, ಅಕ್ಕಿ, ತೆಂಗಿನಕಾಯಿ ಎಲ್ಲ ಕಳೆದು ಅವರಿಗೆ ಉಳಿಯುವುದು 600 ರೂಪಾಯಿ. ಅದರಲ್ಲಿ 240 ತಟ್ಟೆಗೇ ಹೋದರೆ ಮನೆಗೆ ಏನು ಒಯ್ಯಬೇಕು? ತಟ್ಟೆಯ ಬೆಲೆಯನ್ನು ರೊಟ್ಟಿಯ ಮೇಲೆ ಹಾಕಿದ ದಿನ ನಾಲ್ಕು ಮಂದಿ ಬೆಲೆ ಕೇಳಿಯೇ ತಿರುಗಿ ಹೋದರಂತೆ. ಇದನ್ನು ಹೇಳುವಾಗ ಅವರು ಅಳಲಿಲ್ಲ ಮೇಷ್ಟ್ರೇ. ರೊಟ್ಟಿ ಮಗುಚುತ್ತಲೇ ಹೇಳಿದರು.

ಕಾನೂನಿನ ಕಥೆಯನ್ನು ಸ್ವಲ್ಪ ನೋಡೋಣ. ನಮ್ಮ ರಾಜ್ಯ ಕೇಂದ್ರಕ್ಕಿಂತ ಮುಂದೆ ಹೋಗಿ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ, ಚಮಚಗಳನ್ನು, ಥರ್ಮಾಕೋಲಿನವನ್ನೂ ಸೇರಿಸಿ, ನಿಷೇಧಿಸಿತು. ಕೇಂದ್ರದ ನಿಷೇಧ ಜಾರಿಗೆ ಬಂದದ್ದು 2022ರ ಜುಲೈ 1ರಂದು. ಪತ್ರಿಕೆಯ ಹಾಳೆಯಲ್ಲಿ ಬಜ್ಜಿ ಕಟ್ಟಬಾರದೆಂದು 2018ರ ಆಹಾರ ಪೊಟ್ಟಣ ನಿಯಮ ಹೇಳುತ್ತದೆ, ಅದೂ ಸರಿಯೇ. 2025ರ ಫೆಬ್ರುವರಿಯಲ್ಲಿ ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಬಾರದೆಂದು ರಾಜ್ಯ ಸರ್ಕಾರ ಹೇಳಿತು, ಅದು ಇನ್ನೂ ಸರಿ. ಒಂದೊಂದಾಗಿ ನೋಡಿದರೆ ಎಲ್ಲವೂ ಸರಿಯೇ. ಆದರೆ ಇವೆಲ್ಲ ಬಂದು ಬೀಳುವುದು ಒಂದೇ ತಳ್ಳುಗಾಡಿಯ ಮೇಲೆ. ಪ್ರತಿ ಸಲ "ಇದು ಬೇಡ" ಎಂದವರು "ಇದನ್ನು ತೆಗೆದುಕೋ, ಇಷ್ಟು ಬೆಲೆಗೆ, ಇಲ್ಲಿ ಸಿಗುತ್ತದೆ" ಎಂದು ಹೇಳಿದ್ದನ್ನು ನಾನು ಕಾಣೆ. ಕೊನೆಗೆ ಗಾಡಿಯವರು ಪೇಪರ್ ಕಪ್ಪಿಗೆ ಹೋಗುತ್ತಾರೆ. ಅದರ ಒಳಗೂ ಪ್ಲಾಸ್ಟಿಕ್ಕಿನ ತೆಳು ಲೇಪವೇ! ಬಿಸಿ ದ್ರವ ಹದಿನೈದು ನಿಮಿಷ ಅದರಲ್ಲಿದ್ದರೆ 100 ಮಿಲಿಲೀಟರಿಗೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಸೇರುತ್ತವೆ ಎಂದು ಖರಗ್‌ಪುರದ ಐಐಟಿಯವರು 2020ರಲ್ಲಿ ತೋರಿಸಿಕೊಟ್ಟರು.

ನ್ಯೂಯಾರ್ಕ್ ನಗರ 2019ರ ಜನವರಿ 1ರಿಂದ ಇಂಥದೇ ಫೋಮ್ ತಟ್ಟೆ, ಲೋಟಗಳನ್ನು ನಿಷೇಧಿಸಿತು. ಆದರೆ ಮೊದಲ ಆರು ತಿಂಗಳು ಯಾರಿಗೂ ದಂಡ ಹಾಕಲಿಲ್ಲ, ಅಂಗಡಿಯವರಿಗೆ ತಿಳಿಹೇಳುವುದಕ್ಕೇ ಆ ಅವಧಿ. ವರ್ಷಕ್ಕೆ 5 ಲಕ್ಷ ಡಾಲರಿಗಿಂತ ಕಡಿಮೆ ವಹಿವಾಟಿನವರು, ಬೇರೆ ವಸ್ತು ಕೊಂಡರೆ ತಮಗೆ ಕಷ್ಟವಾಗುತ್ತದೆಂದು ತೋರಿಸಿ ವಿನಾಯಿತಿ ಕೇಳಬಹುದಿತ್ತು. ನಮ್ಮ ಗಾಡಿಯವರ ವಹಿವಾಟಿನ ಮುಂದೆ ಆ 5 ಲಕ್ಷ ಡಾಲರ್ ಎಷ್ಟು ದೊಡ್ಡ ಮೊತ್ತ ಎಂದು ಯೋಚಿಸಿ. ಅದರ ಹತ್ತಿರದ ವಹಿವಾಟಿನವರಿಗೂ ಅಲ್ಲಿ ಕಿವಿಗೊಟ್ಟರು.

ಮಳೆಗಾಲದ ಆರಂಭದಲ್ಲಿ ಗೆಳೆಯರೊಂದಿಗೆ ಮುಳ್ಳಯ್ಯನಗಿರಿಯ ರಸ್ತೆಯ ಅಂಚಿನಲ್ಲಿ ಕಸ ಹೆಕ್ಕಲು ಹೋಗಿದ್ದೆ. ಮೂರು ಗೋಣಿಚೀಲ ತುಂಬಿತು. ಸುರಿದು ನೋಡಿದರೆ ಥರ್ಮಾಕೋಲ್ ತಟ್ಟೆಗಳು ಬೆರಳೆಣಿಕೆಯಷ್ಟು. ಉಳಿದದ್ದೆಲ್ಲ ನೀರಿನ ಬಾಟಲಿ, ಚಿಪ್ಸ್ ಪೊಟ್ಟಣ, ಗುಟ್ಕಾ ಚೀಟಿ. ಚಿಪ್ಸ್ ಪೊಟ್ಟಣ 2022ರ ನಿಷೇಧದ ಪಟ್ಟಿಯಲ್ಲಿ ಇಲ್ಲ, ನೀರಿನ ಬಾಟಲಿಯೂ ಇಲ್ಲ. ಚಿಪ್ಸ್ ಪೊಟ್ಟಣದಂಥ, ಮರುಬಳಕೆಯಾಗದ ಬಹುಪದರದ ಪೊಟ್ಟಣಗಳನ್ನು ಎರಡು ವರ್ಷಗಳಲ್ಲಿ ನಿಲ್ಲಿಸಬೇಕೆಂದು 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮ ಹೇಳಿತ್ತು. ಗಡುವು ಮುಗಿಯುತ್ತಾ ಬಂದಾಗ, 2018ರ ಮಾರ್ಚ್‌ನಲ್ಲಿ, ತಿದ್ದುಪಡಿ ಬಂದು, ಸುಟ್ಟು ಶಕ್ತಿ ತೆಗೆಯಬಹುದಾದ ಅಥವಾ ಬೇರೆ ಉಪಯೋಗಕ್ಕೆ ಬರುವ ಪೊಟ್ಟಣಗಳು ಆ ಗಡುವಿನಿಂದ ತಪ್ಪಿಸಿಕೊಂಡವು. ನಿಯಮ ಸಡಿಲವಾಯಿತು. ದೊಡ್ಡ ಕಂಪನಿಗಳು ಕೇಳಿದರೆ ಗಡುವು ಬಾಗುತ್ತದೆ, ರೊಟ್ಟಿ ಮಾರುವವರು ಕೇಳಿದರೆ ಅದು ನಾಟಕವಾಗುತ್ತದೆ. ನನ್ನ ಹೊಟ್ಟೆ ಉರಿಯುವುದು ಇದಕ್ಕೇ. ದೊಡ್ಡ ಕಂಪನಿಗಳನ್ನು ಹಿಡಿದರೆ ಕೆಲಸ ಎಷ್ಟು ಬೇಗ ಆಗುತ್ತದೆ ಎಂಬುದಕ್ಕೆ ಹಳೆಯ ಉದಾಹರಣೆಯೇ ಇದೆ. 1990ರಲ್ಲಿ ಜನರ ಒತ್ತಾಯಕ್ಕೆ ಮಣಿದು ಮೆಕ್‌ಡೊನಾಲ್ಡ್ಸ್ ತನ್ನ ಬರ್ಗರಿನ ಫೋಮ್ ಡಬ್ಬಿಗಳನ್ನು ಕೈಬಿಡುವುದಾಗಿ ಪ್ರಕಟಿಸಿತು. ಸಾವಿರ ಗಾಡಿಗಳಿಗೆ ದಂಡ ಹಾಕಿದರೂ ಆಗದ ಕೆಲಸವನ್ನು ಅಲ್ಲಿ ಒಂದು ತೀರ್ಮಾನ ಮಾಡಿತು.

ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ತೋಟಗಳಲ್ಲಿ ಅಡಿಕೆ ಹಾಳೆ ಬಿದ್ದು ಕೊಳೆಯುತ್ತಿರುತ್ತದೆ. ನೆನೆಸಿ, ತೊಳೆದು, ಕಾದ ಅಚ್ಚಿನಲ್ಲಿ ಒತ್ತಿದರೆ ತಟ್ಟೆ. ಬೇರೆ ಏನನ್ನೂ ಸೇರಿಸುವ ಅಗತ್ಯವಿಲ್ಲ. ಹಳದಿ ಎಲೆ ರೋಗ, ಎಲೆಚುಕ್ಕಿ ರೋಗಗಳಿಂದ ಬೆಳೆ ಕಳೆದುಕೊಂಡ ಮನೆಗಳಿಗೆ ಇದೊಂದು ಆಸರೆಯಾಗಬಹುದಿತ್ತು. ಆದರೆ ಒಳ್ಳೆಯ ತಟ್ಟೆಗಳೆಲ್ಲ ರಫ್ತಿನವರ ಪಾಲಾಗಿ, ಇಲ್ಲಿಯ ಗಾಡಿಗೆ ಬೆಲೆ ಎಟುಕಲಿಲ್ಲ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಡಿಕೆಯ ರಾಸಾಯನಿಕ ಅಂಶಗಳು ಊಟಕ್ಕೆ ಇಳಿಯಬಹುದೆಂದು ಹೇಳಿ ಈ ತಟ್ಟೆಗಳ ವಿರುದ್ಧ ಎಚ್ಚರಿಕೆ ಕೊಟ್ಟಿತು. ಅದರ ಪೆಟ್ಟು ಬಿದ್ದದ್ದೂ ಮನೆಯ ಹಿತ್ತಲಲ್ಲಿ ಒಂದು ಯಂತ್ರ ಇಟ್ಟುಕೊಂಡ ಸಣ್ಣವರ ಮೇಲೆ. ತಟ್ಟೆ ಮಾಡುವವರು ಕೊಪ್ಪದಲ್ಲಿ, ತಟ್ಟೆ ಬೇಕಾದವರು ಹಾಸನದಲ್ಲಿ. ನಡುವೆ ಒಂದು ಸಹಕಾರ ಸಂಘ ನಿಂತು ಸಗಟಾಗಿ ಕೊಂಡು, ಸಾಲದ ಮೇಲೆ ಗಾಡಿಗಳಿಗೆ ಹಂಚಿದರೆ ಎರಡು ರೂಪಾಯಿಯ ಅಂತರ ಎಷ್ಟು ಕಡಿಮೆಯಾದೀತು! ಹಾಲಿಗೆ, ಕಾಫಿಗೆ, ಅಡಿಕೆಗೆ ಸಂಘ ಕಟ್ಟಿದ ಜಿಲ್ಲೆಗಳು ನಮ್ಮವು. ತಟ್ಟೆಗೆ ಕಟ್ಟಲಾರೆವೇ?

ನಿಮ್ಮ ಬಾಲ್ಯದಲ್ಲಿ ಮದುವೆ ಮನೆಯ ಜಗಲಿಯ ಮೇಲೆ ಹೆಂಗಸರು ಕೂತು ಹಂಚಿಕಡ್ಡಿಯಿಂದ ಮುತ್ತುಗದ ಎಲೆ ಹಚ್ಚುತ್ತಿದ್ದುದನ್ನು ನೀವು ನೋಡಿಯೇ ಇರುತ್ತೀರಿ. ಆ ಎಲೆಯನ್ನು ಮರೆತವರು ಗಾಡಿಯವರಲ್ಲ. ಮನೆಯ ಸಮಾರಂಭಕ್ಕೆ ಥರ್ಮಾಕೋಲ್ ತಟ್ಟೆಗಳ ಕಟ್ಟು ತಂದವರು ನಾವು, ಸಂಬಳದವರು. ಕೈಯಲ್ಲಿ ಡಬ್ಬಿಯಿಲ್ಲದೆ ಪಾರ್ಸೆಲ್ ಕೇಳುವವರೂ ನಾವೇ. ತಿದ್ದಿಕೊಳ್ಳುವ ಸರದಿ ಬಂದಾಗ ಮಾತ್ರ ಗಾಡಿಯವರನ್ನು ಮುಂದೆ ತಳ್ಳುವುದು ನ್ಯಾಯವಲ್ಲ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಿಮಗೆ, ಬೆತ್ತದಿಂದ ಕಲಿತ ಹುಡುಗನಿಗೂ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟ ಹುಡುಗನಿಗೂ ಇರುವ ವ್ಯತ್ಯಾಸ ನನಗಿಂತ ಚೆನ್ನಾಗಿ ಗೊತ್ತು.

ಆದ್ದರಿಂದ ದಂಡ ತೆತ್ತವರ ಹೆಸರುಗಳನ್ನು ನಾವು ಪ್ರಕಟಿಸುವುದಿಲ್ಲ. ಅದರ ಬದಲು ನಿಮ್ಮಿಂದ ಒಂದು ಸಹಾಯ ಬೇಕು. ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಬಾಳೆ ಎಲೆ, ಮುತ್ತುಗದ ಎಲೆ, ಹಾಳೆ ತಟ್ಟೆ ಯಾವ ಅಂಗಡಿಯಲ್ಲಿ, ನೂರಕ್ಕೆ ಯಾವ ದರಕ್ಕೆ ಸಿಗುತ್ತದೆ ಎಂದು ವಿಚಾರಿಸಿ ಬರೆದು ಕಳಿಸಿ. ಚಿಕ್ಕಮಗಳೂರಿನ ದರಗಳನ್ನು ನಾನು ಸೇರಿಸುತ್ತೇನೆ. ಮುಂದಿನ ಸಂಚಿಕೆಯಲ್ಲಿ ಇದೇ ಪುಟದಲ್ಲಿ ಅಚ್ಚು ಹಾಕಿಸಿ, ನಿಮ್ಮ ಬಡಾವಣೆಯ ಗಾಡಿಗಳಿಗೆ ಹಂಚಲು ಐವತ್ತು ಪ್ರತಿಗಳನ್ನು ನಿಮ್ಮ ವಿಳಾಸಕ್ಕೇ ಕಳಿಸಿಕೊಡುತ್ತೇನೆ.