ಒಂದೇ ಮನೆಯ ಗೆಳತಿಯರು, ಒಂದು ಕೊಲೆ

ಪ್ರಶ್ನೆ: ಕೊಪ್ಪಳದಲ್ಲಿ ಒಟ್ಟಿಗೆ ಬಾಡಿಗೆ ಮನೆ ಹಿಡಿದಿರುವ ನಿವೃತ್ತ ಶಿಕ್ಷಕಿ, ನಿವೃತ್ತ ನರ್ಸ್ ಹಾಗೂ ರೊಟ್ಟಿ ಮಾಡಿ ಮಾರುವ ವಿಧವೆಯನ್ನು ಇಟ್ಟುಕೊಂಡು, ರಕ್ತಪಾತದ ವರ್ಣನೆಯಿಲ್ಲದ ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದೇನೆ. ಓದಿದವರು ‘ಇವರ ಸ್ನೇಹ ಬರೀ ಬೆಲ್ಲ’ ಎನ್ನುತ್ತಾರೆ. ಏನು ಮಾಡಲಿ?
— ಓದುಗರು, ಕೊಪ್ಪಳ

ಉತ್ತರ: ನೀವು ಕಳುಹಿಸಿದ ಅಧ್ಯಾಯದಲ್ಲಿ ಮೂವರೂ ಒಬ್ಬರನ್ನೊಬ್ಬರು ಹೊಗಳುತ್ತಾ ಕೂರುತ್ತಾರೆ, ಸುಳಿವುಗಳನ್ನೆಲ್ಲ ಶಿಕ್ಷಕಿಯ ಪೊಲೀಸ್ ಅಳಿಯ ತಂದುಕೊಡುತ್ತಾನೆ. ತೊಂದರೆ ಬೆಲ್ಲದ್ದಲ್ಲ, ಅಳಿಯನದು. ಅವನನ್ನು ದೂರದ ಠಾಣೆಗೆ ವರ್ಗ ಮಾಡಿಬಿಡಿ. ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಮನೆಮನೆಯಲ್ಲೂ ರೊಟ್ಟಿ ಮಾಡುವ ದಿನಗಳಲ್ಲೇ ನಿಮ್ಮ ಕೊಲೆ ನಡೆಯುತ್ತದೆ. ಆ ನಸುಕಿನಲ್ಲಿ ರೊಟ್ಟಿ ಬಡಿಯುವ ಸದ್ದು ನಡುವೆ ಕೆಲಹೊತ್ತು ನಿಂತಿತ್ತೆಂಬುದನ್ನು, ವರ್ಷಗಟ್ಟಲೆ ಅದೇ ಸದ್ದಿಗೆ ಎಚ್ಚರಗೊಳ್ಳುತ್ತಾ ಬಂದ ಪಕ್ಕದ ಕೋಣೆಯ ಗೆಳತಿಯಲ್ಲದೆ ಮತ್ತಾರು ಗಮನಿಸಬಲ್ಲರು?

ಅಗಾಥಾ ಕ್ರಿಸ್ಟಿಯವರ ‘ಎ ಮರ್ಡರ್ ಈಸ್ ಅನೌನ್ಸ್ಡ್’ (1950) ಕಾದಂಬರಿಯಲ್ಲಿ ಹಿಂಚ್‌ಕ್ಲಿಫ್ ಮತ್ತು ಮರ್ಗಟ್ರಾಯ್ಡ್ ಎಂಬ ಇಬ್ಬರು ಮಹಿಳೆಯರು ಒಂದೇ ಮನೆಯಲ್ಲಿ ಬಾಳುತ್ತಾರೆ. ದೀಪಗಳು ಆರಿ ಗುಂಡು ಹಾರಿದಾಗ ಮರ್ಗಟ್ರಾಯ್ಡ್ ಬಾಗಿಲ ಹಿಂದಿದ್ದಳು, ಆದ್ದರಿಂದ ಬಾಗಿಲಲ್ಲಿ ನಿಂತವನ ಟಾರ್ಚಿನ ಬೆಳಕು ಅವಳ ಕಣ್ಣು ಕುಕ್ಕಿರಲಿಲ್ಲ. ಅಂದರೆ ಕೋಣೆಯಲ್ಲಿದ್ದವರನ್ನು ಅವಳು ಕಂಡಿರಬೇಕು. ಮರೆಗುಳಿಯಾದ ಅವಳ ಬಾಯಿಂದ ಇದನ್ನು ಹೊರಡಿಸುವುದು ಹಿಂಚ್‌ಕ್ಲಿಫ್‌ಳ ಗದರಿಕೆ. ಆ ಸಲಿಗೆಯ ಗದರಿಕೆಯಲ್ಲಿರುವಷ್ಟು ಅಕ್ಕರೆ ಹೊಗಳಿಕೆಯ ಮಾತುಗಳಲ್ಲಿಲ್ಲ. ಕೊಲೆಗಾರರು ಯಾರೆಂದು ನಾನು ಹೇಳುವುದಿಲ್ಲ, ಓದಿಯೇ ತಿಳಿಯಬೇಕು.

ನಿಮ್ಮ ಪಾತ್ರಗಳೂ ಸಿಲಿಂಡರ್ ದುಡ್ಡಿಗಾಗಿ, ನಲ್ಲಿ ನೀರು ಹಿಡಿಯುವ ಸರದಿಗಾಗಿ ಜಗಳವಾಡಲಿ. ಪರಸ್ಪರ ‘ಪ್ರಿಯ ಗೆಳತಿ’ ಎಂದು ಕರೆದುಕೊಳ್ಳುವುದನ್ನಂತೂ ದಯವಿಟ್ಟು ತೆಗೆಯಿರಿ. ನಮ್ಮ ಕಡೆ ಶಿಕ್ಷಕಿ ನಿವೃತ್ತರಾದ ಮೇಲೂ ‘ಅಕ್ಕೋರು’, ನರ್ಸು ‘ಸಿಸ್ಟರ್’.

ಇನ್ನೊಂದು ಮುಖ್ಯ ಮಾತು. ಆ ನಸುಕಿನಲ್ಲಿ ವಿಧವೆಯ ಮಗ ಹಣ ಕೇಳಲು ಕದ್ದು ಬಂದಿದ್ದನೆಂದೂ, ಅದನ್ನು ಬಲ್ಲ ಸಿಸ್ಟರ್ ಗೆಳತಿಯ ಮಾನ ಉಳಿಸಲು ‘ಯಾರೂ ಬಂದಿರಲಿಲ್ಲ’ ಎಂದು ಸುಳ್ಳು ಹೇಳಿದರೆಂದೂ ಇಟ್ಟುಕೊಳ್ಳಿ. ಆಗ ಅಕ್ಕೋರು ನಿಜವನ್ನು ಹುಡುಕುತ್ತಾ ಹೋದಷ್ಟೂ ಸ್ವಂತ ಮನೆಯವರನ್ನೇ ಶಂಕಿಸಬೇಕಾಗುತ್ತದೆ, ಊಟಕ್ಕೆ ಮಾತ್ರ ಮೂವರೂ ಒಟ್ಟಿಗೇ ಕೂರಬೇಕಾಗುತ್ತದೆ. ಆ ಸುಳ್ಳು ಕಾದಂಬರಿಯ ನಡುಭಾಗದಲ್ಲೇ ಬಯಲಾಗಲಿ. ಕೊನೆಗೆ ಉಳಿಸಿದರೆ ಮುರಿದ ಮನಸ್ಸುಗಳು ಕೂಡಿಕೊಳ್ಳಲು ನಿಮಗೆ ಪುಟಗಳು ಸಾಲವು.