ನನ್ನ ಗಂಡ ‘ಮೆವು’, ನನ್ನ ಅತ್ತೆ ‘ಮೀನ್ಯ’

ಪ್ರಶ್ನೆ: ಆನೆಗೊಂದಿಯಲ್ಲಿ ನಮ್ಮದೊಂದು ಚಿಕ್ಕ ಹೋಂಸ್ಟೇ ಇದೆ. ಬ್ರೆಜಿಲ್‌ನಿಂದ ಬಂದಿದ್ದ ದಂಪತಿಗೆ ಮನೆಯವರನ್ನು ಪರಿಚಯಿಸಲೆಂದು ಮೊಬೈಲಿನಲ್ಲಿ ಸ್ವಲ್ಪ ಪೋರ್ಚುಗೀಸ್ ಕಲಿತೆ. ‘ನನ್ನ ಗಂಡ’ ಎನ್ನಲು ನಾನು ‘ಮೀನ್ಯ ಮರೀದು’ ಎಂದಾಗ ಆ ಹೆಣ್ಣುಮಗಳು ‘ಮೆವು ಮರೀದು’ ಎಂದು ತಿದ್ದಿದರು. ಹೆಂಗಸರು ‘ಮೀನ್ಯ’ ಎನ್ನಬೇಕಲ್ಲವೇ?
– ಓದುಗರೊಬ್ಬರು, ಕೊಪ್ಪಳ ಜಿಲ್ಲೆ

ಉತ್ತರ: ಅವರು ತಿದ್ದಿದ್ದು ಸರಿ, ತಂಗಿ. ಮಾತನಾಡುವವರು ಹೆಣ್ಣೋ ಗಂಡೋ ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಯಾರ ಬಗ್ಗೆ ‘ನನ್ನ’ ಎನ್ನುತ್ತೇವೋ ಅವರ ಲಿಂಗವೇ ಮುಖ್ಯ. ಗಂಡ ಗಂಡಸಾದ್ದರಿಂದ ‘ಮೆವು ಮರೀದು’. ಅತ್ತೆಯನ್ನು ನೀವು ತೋರಿಸಿದರೂ ‘ಮೀನ್ಯ ಸೊಗ್ರ’, ನಿಮ್ಮ ಯಜಮಾನರು ತಮ್ಮ ಅತ್ತೆಯನ್ನು ತೋರಿಸಿದರೂ ‘ಮೀನ್ಯ ಸೊಗ್ರ’. ಕನ್ನಡದ ‘ನನ್ನ’ ಎಲ್ಲರಿಗೂ ಒಂದೇ ಆದ್ದರಿಂದ ಈ ತೊಡಕು. ಗಂಗಾವತಿ ಪೇಟೆಯಲ್ಲಿ ಉರ್ದು ಕೇಳಿರುತ್ತೀರಿ: ಅಲ್ಲಿ ಹೆಣ್ಣುಮಗಳೂ ‘ಮೇರಾ ಭಾಯಿ’ ಎನ್ನುತ್ತಾಳೆ, ಗಂಡಸೂ ‘ಮೇರಿ ಮಾ’ ಎನ್ನುತ್ತಾನೆ. ಇದೂ ಹಾಗೆಯೇ. ಬಹುವಚನಕ್ಕೆ ಕೊನೆಯಲ್ಲಿ ಒಂದು ‘ಸ್’ ಸೇರಿಸಿ: ‘ಮೆವುಸ್ ಫೀಲ್ಯುಸ್’ ಎಂದರೆ ನನ್ನ ಮಕ್ಕಳು, ಹೆಣ್ಣುಮಕ್ಕಳೇ ಆದರೆ ‘ಮೀನ್ಯಸ್ ಫೀಲ್ಯಸ್’.

‘ಅವನ’, ‘ಅವಳ’ ಎನ್ನುವಾಗ ಮಾತ್ರ ಎಚ್ಚರ. ಪಾಠಗಳಲ್ಲಿ ಅದಕ್ಕೂ ‘ಸೆವು’, ‘ಸೂಅ’ ಎಂದಿರುತ್ತದೆ, ಆದರೆ ಬ್ರೆಜಿಲ್‌ನ ಮಾತಿನಲ್ಲಿ ಅದು ಹೆಚ್ಚಾಗಿ ‘ನಿಮ್ಮ’ ಎಂದೇ ಕೇಳಿಸುತ್ತದೆ. ಅವನ ತಂದೆ ‘ಉ ಪಾಯ್ ದೇಲಿ’, ಅವಳ ತಂದೆ ‘ಉ ಪಾಯ್ ದೆಲ’ ಎಂದುಬಿಡಿ. ಇಲ್ಲಿ ನಿಮ್ಮ ಮೊದಲ ಊಹೆಯೇ ನಿಜವಾಗುತ್ತದೆ, ಯಾರ ತಂದೆಯೋ ಅವರ ಲಿಂಗಕ್ಕೆ ತಕ್ಕಂತೆ ಪದ ಬದಲಾಗುತ್ತದೆ.

ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವ ಮೂವರೂ ‘ಚೀವು’. ಅಣ್ಣತಮ್ಮಂದಿರಿಬ್ಬರೂ ‘ಇರ್ಮಾಂವ್’, ಅಣ್ಣ ಎಂದೇ ಹೇಳಬೇಕಾದರೆ ‘ಮಾಯ್ಸ್ ವೆಲ್ಯು’ ಸೇರಿಸಿ. ಅಜ್ಜ ಅಜ್ಜಿಯರನ್ನು ಕನ್ನಡದಲ್ಲಿ ಬರೆದರೆ ಎರಡೂ ‘ಅವೋ’, ಅದಕ್ಕೇ ಕಿವಿಗೊಟ್ಟು ಕಲಿಯಬೇಕು. ಅಜ್ಜನಿಗೆ ತುಟಿ ದುಂಡಗೆ ಮಾಡಿದ ‘ಓ’. ಅಜ್ಜಿಗೆ ಬಾಯಿ ಅಗಲಿಸಿದ ‘ಓ’, ಇಂಗ್ಲಿಷಿನವರು ‘ಹಾಲ್’ (hall) ಎನ್ನುವಾಗಿನ ಸ್ವರ.

ಪ್ರಶ್ನೆ ಕೇಳಲು ‘ಕೆಂಯ್’ (ಯಾರು), ‘ಒಂಜಿ’ (ಎಲ್ಲಿ), ‘ಕ್ವಾಂದು’ (ಯಾವಾಗ) ಸದ್ಯಕ್ಕೆ ಸಾಕು. ‘ಎಷ್ಟು’ ಎಂಬುದೂ ಲಿಂಗ ನೋಡಿ ಬದಲಾಗುತ್ತದೆ: ಗಂಡಿಗೆ ‘ಕ್ವಾಂತುಸ್’, ಹೆಣ್ಣಿಗೆ ‘ಕ್ವಾಂತಸ್’. ಹೆಸರು ಕೇಳುವಾಗ ‘ಏನು’ ಬೇಡ, ‘ಯಾವುದು’ ಬೇಕು: ‘ಕ್ವಾವ್ ಎ ಉ ಸೆವು ನೋಮಿ?’

ನಾನು ಬಳ್ಳಾರಿಯಲ್ಲಿ ಕುಳಿತು ಈ ಭಾಷೆ ಕಲಿತದ್ದು 16ನೇ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ ಪೋರ್ಚುಗೀಸರಾದ ಪಾಯಿಸ್, ನೂನಿಸ್ ವಿಜಯನಗರದ ಬಗ್ಗೆ ಬರೆದದ್ದನ್ನು ಮೂಲದಲ್ಲೇ ಓದುವ ಆಸೆಯಿಂದ. ಅವರು ಕಂಡ ಊರು ನಿಮಗೆ ಹೊಳೆಯಾಚೆಯೇ ಇದೆ. ಮನೆಮಾತು ಗಟ್ಟಿಯಾದ ಮೇಲೆ ಬರೆಯಿರಿ, ಅವರ ಬರಹದಿಂದ ಸುಲಭದ ಸಾಲುಗಳನ್ನು ಆರಿಸಿ ಕಳಿಸುತ್ತೇನೆ.