ಕೊಳ್ಳಲೊಂದು ಸೇರು, ಮಾರಲೊಂದು ಸೇರು

ಪ್ರಿಯ ಮಿತ್ರರೇ,

ನೀವು ಕಳಿಸಿದ ಮೂರೂ ಲೇಖನ ಓದಿದೆ. ಮೊದಲನೆಯದು 2017ರಲ್ಲಿ ಗೋವಾ, ಮಣಿಪುರಗಳಲ್ಲಿ ಸರ್ಕಾರ ರಚನೆಯಾದ ಬಗೆ, ಎರಡನೆಯದು 2018ರ ಮೇ ತಿಂಗಳಲ್ಲಿ ನಮ್ಮ ವಿಧಾನಸೌಧದಲ್ಲಿ ನಡೆದದ್ದು, ಮೂರನೆಯದು 2019ರಿಂದೀಚಿನ ಪಕ್ಷಾಂತರಗಳು. 'ಸರಣಿಯಾಗಿ ಹಾಕಿ, ಒಂದಕ್ಷರ ತೆಗೆಯಬೇಡಿ, ತೆಗೆದರೆ ನೀವೂ ಆ ಕಡೆಯವರು ಅಂದುಕೊಳ್ಳುತ್ತೇನೆ' ಅಂತ ಕೊನೆಗೆ ಒಂದು ಸಾಲು ಸೇರಿಸಿದ್ದೀರಿ. ಹಾಗಾದರೆ ಈಗಲೇ ಅಂದುಕೊಂಡುಬಿಡಿ. ಈ ರೂಪದಲ್ಲಿ ಮೂರರಲ್ಲಿ ಒಂದನ್ನೂ ನಾನು ಹಾಕುವುದಿಲ್ಲ.

ನಿಮಗೆ ಬರೆಯಲು ಬರುವುದಿಲ್ಲ ಅಂತಲ್ಲ. ಬರುತ್ತದೆ. ಸಾಲು ಓಡುತ್ತದೆ, ಓದಿಸಿಕೊಂಡು ಹೋಗುತ್ತದೆ. ನೀವು ಬಿಜೆಪಿ ಕಡೆ ಇದ್ದೀರಿ ಅನ್ನುವುದೂ ನನ್ನ ತಕರಾರಲ್ಲ. ಇರಿ. ಯಾವ ಕಡೆಯೂ ಇಲ್ಲದವರ ರಾಜಕೀಯ ಲೇಖನ ಎಷ್ಟು ಸಪ್ಪೆಯಾಗಿರುತ್ತದೆ ಅನ್ನುವುದು ವಾರಕ್ಕೆ ನಾಲ್ಕು ಅಂಥವನ್ನು ಓದುವ ನನಗೆ ಗೊತ್ತು. ತಕರಾರು ಬೇರೆ.

ಮೊದಲ ಲೇಖನದ ನಾಲ್ಕನೇ ಪ್ಯಾರಾದಲ್ಲಿ ನೀವು ಬರೆದದ್ದು: 'ಪ್ರಜಾಪ್ರಭುತ್ವದಲ್ಲಿ ತಲೆ ಎಣಿಕೆಯೇ ಮುಖ್ಯ. ಯಾರದು ದೊಡ್ಡ ಪಕ್ಷ ಅನ್ನುವುದಲ್ಲ, ಸದನದಲ್ಲಿ ಯಾರ ಹಿಂದೆ ಎಷ್ಟು ಜನ ಅನ್ನುವುದು.' ಎರಡನೇ ಲೇಖನದ ಎರಡನೇ ಪ್ಯಾರಾ: 'ಅತಿ ದೊಡ್ಡ ಪಕ್ಷವನ್ನು ಹೊರಗಿಟ್ಟು, ಸೋತವರಿಬ್ಬರು ರಾತ್ರೋರಾತ್ರಿ ಕೈ ಜೋಡಿಸುವುದು ಜನಾದೇಶದ ಕಗ್ಗೊಲೆ.' ನಮ್ಮಲ್ಲಿ ಪುಟ ಕಟ್ಟುವ ಹುಡುಗಿ ಎರಡನ್ನೂ ನೋಡಿ, 'ಸರ್, ಇವು ಇಬ್ಬರು ಬರೆದದ್ದು, ತಪ್ಪಿ ಒಂದೇ ಹೆಸರು ಬಂದಿದೆ' ಅಂದಳು. ಅವಳಿಗೆ ರಾಜಕೀಯದಲ್ಲಿ ಆಸಕ್ತಿಯೇ ಇಲ್ಲ. ಅವಳಿಗೇ ಕಂಡದ್ದು ಓದುಗನಿಗೆ ಕಾಣುವುದಿಲ್ಲ ಅಂದುಕೊಂಡಿರಾ?

ಲೆಕ್ಕ ನಿಮಗೂ ಗೊತ್ತಿದೆ. ಗೋವಾದ 40ರಲ್ಲಿ ಕಾಂಗ್ರೆಸ್ 17, ಬಿಜೆಪಿ 13. ಮಣಿಪುರದ 60ರಲ್ಲಿ ಕಾಂಗ್ರೆಸ್ 28, ಬಿಜೆಪಿ 21. ಎರಡೂ ಕಡೆ ಸರ್ಕಾರ ಮಾಡಿದ್ದು ಚಿಕ್ಕ ಪಕ್ಷ, ಚುನಾವಣೆ ಮುಗಿದ ಮೇಲೆ ಸೇರಿದವರ ಬಲದಿಂದ. ಮುಂದಿನ ವರ್ಷ ಕರ್ನಾಟಕದಲ್ಲಿ ಮತದಾನ ನಡೆದ 222 ಕ್ಷೇತ್ರಗಳಲ್ಲಿ ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37. ಆಟ ಅದೇ, ಅಂಗಿ ಮಾತ್ರ ಅದಲುಬದಲು. ನೀವು ಗೋವಾದಲ್ಲಿ ಒಂದು ಸೇರಿನಲ್ಲಿ ಅಳೆದಿರಿ, ಬೆಂಗಳೂರಿಗೆ ಬಂದು ಇನ್ನೊಂದನ್ನು ತೆಗೆದಿರಿ.

ಎರಡನೇ ಲೇಖನದಲ್ಲಿ 'ಜನಾದೇಶ ಸ್ಪಷ್ಟವಾಗಿತ್ತು' ಅಂತ ಮೂರು ಸಲ ಇದೆ. ಆ ಚುನಾವಣೆಯಲ್ಲಿ ಶೇ 38ರಷ್ಟು ಮತ ಪಡೆದ ಕಾಂಗ್ರೆಸ್ಸಿಗೆ ಸಿಕ್ಕಿದ್ದು 78 ಸ್ಥಾನ, ಶೇ 36ರಷ್ಟು ಪಡೆದ ಬಿಜೆಪಿಗೆ 104. ಇದರಲ್ಲಿ ಸ್ಪಷ್ಟವಾಗಿದ್ದದ್ದು ಏನು? ಆಡಳಿತದಲ್ಲಿದ್ದವರು ನಲವತ್ತಕ್ಕೂ ಹೆಚ್ಚು ಸ್ಥಾನ ಕಳೆದುಕೊಂಡದ್ದು ಸ್ಪಷ್ಟ, ಒಪ್ಪುತ್ತೇನೆ. ಅದನ್ನೇ ಬರೆದಿದ್ದರೆ ನಿಮ್ಮ ವಾದಕ್ಕೆ ಕಾಲು ಬರುತ್ತಿತ್ತು. ನೀವು ಮಾತ್ರ 'ಸ್ಪಷ್ಟ' ಅನ್ನುವ ಪದವನ್ನೇ ಮೂರು ಸಲ ಬಡಿದಿರಿ.

ಎರಡು ಪ್ರಕರಣ ಒಂದೇ ಥರ ಕಂಡ ಮಾತ್ರಕ್ಕೆ ಒಂದೇ ಆಗಿರಬೇಕಿಲ್ಲ, ನಿಜ. ಗೋವಾದ್ದೂ ಕರ್ನಾಟಕದ್ದೂ ಪೂರ್ತಿ ಒಂದೇ ಅಲ್ಲ. ಗೋವಾದಲ್ಲಿ ಕಾಂಗ್ರೆಸ್ ಸರಿಯಾದ ಸಮಯಕ್ಕೆ ಹಕ್ಕು ಮಂಡಿಸಲಿಲ್ಲ. ನಿಮ್ಮ ಸಂಖ್ಯಾಬಲ ಎಲ್ಲಿದೆ ಅಂತ ಸುಪ್ರೀಂ ಕೋರ್ಟ್ ಅವರನ್ನೇ ಕೇಳಿತು, ಸದನದಲ್ಲಿ ಬಿಜೆಪಿಯ ಮನೋಹರ ಪರ್ರೀಕರ್ 22–16ರಲ್ಲಿ ಗೆದ್ದರು. ಇಲ್ಲಿ ಫಲಿತಾಂಶ ಬಂದ ದಿನವೇ ಕಾಂಗ್ರೆಸ್, ಜೆಡಿಎಸ್ ಎರಡೂ ರಾಜಭವನದ ಬಾಗಿಲಿಗೆ ಹೋಗಿದ್ದವು. ರಾಜ್ಯಪಾಲ ವಜುಭಾಯಿ ವಾಲಾ ಆದರೂ ಯಡಿಯೂರಪ್ಪನವರನ್ನು ಕರೆದು 15 ದಿನ ಕೊಟ್ಟರು. ಮಧ್ಯರಾತ್ರಿ ಸುಪ್ರೀಂ ಕೋರ್ಟಿನ ಬಾಗಿಲು ತೆರೆಯಿತು, 15 ದಿನ ಎರಡಕ್ಕೆ ಇಳಿಯಿತು, ಮೇ 19ರಂದು ಮತಕ್ಕೆ ಹಾಕುವ ಮೊದಲೇ ರಾಜೀನಾಮೆ. ಈ ವ್ಯತ್ಯಾಸ ನಿಮ್ಮ ಪಕ್ಷಕ್ಕೆ ಅನುಕೂಲದ್ದಲ್ಲ, ಅದಕ್ಕೇ ನಿಮ್ಮ ಲೇಖನದಲ್ಲಿ ಇಲ್ಲ. ನಿಮಗೆ ನೆರವಾಗುವ ಅಂಶವೂ ಒಂದಿತ್ತು: ಕೇಂದ್ರ–ರಾಜ್ಯ ಸಂಬಂಧಗಳ ಬಗ್ಗೆ 1988ರಲ್ಲಿ ವರದಿ ಕೊಟ್ಟ ಸರ್ಕಾರಿಯಾ ಆಯೋಗ, ಸರ್ಕಾರ ರಚಿಸಲು ಯಾರನ್ನು ಮೊದಲು ಕರೆಯಬೇಕು ಅಂತ ಹೇಳಿದ ಕ್ರಮದಲ್ಲಿ ಚುನಾವಣಾಪೂರ್ವ ಮೈತ್ರಿ ಮೊದಲು, ಆಮೇಲೆ ಇತರರ ಬೆಂಬಲ ಇರುವ ಅತಿ ದೊಡ್ಡ ಪಕ್ಷ, ಚುನಾವಣೆಯ ನಂತರದ ಕೂಟ ಅದಾದ ಮೇಲೆ. ಇದನ್ನು ಹಿಡಿದು ವಾದಿಸಿದ್ದರೆ ನಾನು ಗಂಭೀರವಾಗಿ ಓದುತ್ತಿದ್ದೆ. ಆದರೆ ಆಗ ಗೋವಾದ ಲೇಖನವನ್ನು ಹರಿದು ಹಾಕಬೇಕಾಗುತ್ತಿತ್ತು, ಅಲ್ಲವೇ?

ಇನ್ನು ಬೈಗುಳ. ಎರಡನೇ ಲೇಖನದ ಪ್ರಿಂಟ್ ತೆಗೆದು ಬೈಗುಳಕ್ಕೆಲ್ಲ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯುತ್ತಾ ಹೋದೆ. 'ಗುಲಾಮರು', 'ಗಂಜಿ ಗಿರಾಕಿಗಳು', 'ಬಕೆಟ್ ಹಿಡಿಯುವವರು', 'ದೇಶದ್ರೋಹಿಗಳು'. ಎಣಿಸಿದರೆ 31. ಪುಟದ ಉದ್ದಕ್ಕೂ ಸಮನಾಗಿ ಹರಡಿರುತ್ತವೆ ಅಂದುಕೊಂಡಿದ್ದೆ, ಇಲ್ಲ. ಮೊದಲ ಅರ್ಧ ಪುಟ ಸ್ವಚ್ಛ, ನಡುವೆ ಎರಡು ಕಡೆ ಕೆಂಪೋ ಕೆಂಪು. ಒಂದು, ದೊಡ್ಡ ಪಕ್ಷದ ಮಾತು ಬರುವ ಜಾಗ. ಅಲ್ಲಿ ಯಾವ ಓದುಗನಾದರೂ 'ಹಾಗಾದರೆ ಗೋವಾ?' ಅಂತ ಕೇಳಬೇಕು. ಇನ್ನೊಂದು, ಶಾಸಕರನ್ನು ರೆಸಾರ್ಟಿಗೆ ಒಯ್ದದ್ದನ್ನು ಹೇಳುವ ಜಾಗ. ಪ್ರಶ್ನೆ ಏಳಬೇಕಾದಲ್ಲೆಲ್ಲ ನೀವು ಓದುಗನ ಕಣ್ಣಿಗೆ ಖಾರದ ಪುಡಿ ಎರಚಿದ್ದೀರಿ. ನಿಮಗೆ ಅರಿವಿಲ್ಲದೆಯೇ ಹಾಗಾಗಿರಬಹುದು. ಬಟ್ಟೆ ಹರಿದಲ್ಲೇ ತೇಪೆ ಬೀಳುವುದು.

ರೆಸಾರ್ಟಿನ ವಿಷಯವನ್ನೇ ನೋಡಿ. 2018ರಲ್ಲಿ ಬಿಡದಿಯ ರೆಸಾರ್ಟಿನಲ್ಲಿದ್ದ ಕಾಂಗ್ರೆಸ್ ಶಾಸಕರು ನಿಮಗೆ 'ಕುರಿ ಮಂದೆ'. ಮೂರನೇ ಲೇಖನದಲ್ಲಿ, 2019ರ ಜುಲೈನಲ್ಲಿ ಮುಂಬೈಯ ಪೊವಾಯಿ ಹೋಟೆಲಿನಲ್ಲಿದ್ದ ಬಂಡಾಯ ಶಾಸಕರು 'ಸುರಕ್ಷತೆಗಾಗಿ ತಂಗಿದ್ದ ಜನಪ್ರತಿನಿಧಿಗಳು'. ಬಿಡದಿಯಲ್ಲಿದ್ದರೆ ಮಂದೆ, ಪೊವಾಯಿಗೆ ಹೋದರೆ ಋಷಿಗಳೇ? ಅಂದಹಾಗೆ ಈ ವ್ಯಾಪಾರದಲ್ಲಿ ನಮ್ಮ ರಾಜ್ಯಕ್ಕೆ ದೊಡ್ಡ ಅನುಭವವೇ ಇದೆ. 1984ರಲ್ಲಿ ಎನ್‌.ಟಿ. ರಾಮರಾವ್ ಅವರ ಆಂಧ್ರ ಸರ್ಕಾರವನ್ನು ರಾಜ್ಯಪಾಲರು ಕಿತ್ತೊಗೆದಾಗ ಅವರ ಶಾಸಕರು ಬಂದದ್ದು ಹೆಗಡೆಯವರ ಕರ್ನಾಟಕಕ್ಕೆ. 2017ರಲ್ಲಿ ಗುಜರಾತಿನ ಕಾಂಗ್ರೆಸ್ ಶಾಸಕರು, 2020ರಲ್ಲಿ ಮಧ್ಯಪ್ರದೇಶದವರು. ಎಲ್ಲ ಪಕ್ಷಗಳ ಬಿಲ್ಲೂ ಇಲ್ಲೇ ಆಗಿದೆ. ಇದೇ ಒಂದು ಲೇಖನಕ್ಕಾಗುವ ವಿಷಯ, ಬೈಗುಳವಿಲ್ಲದೆ ನಗುತ್ತಾ ಬರೆಯಬಹುದಾದದ್ದು.

'ಲಂಕೇಶರು ಬೈದಿಲ್ಲವೇ?' ಅಂತ ನೀವು ಕೇಳುವುದು ನನಗೆ ಇಲ್ಲಿಂದಲೇ ಕೇಳಿಸುತ್ತಿದೆ. ಎಲ್ಲರೂ ಕೇಳುತ್ತಾರೆ. ಮುಖ್ಯಮಂತ್ರಿ ಗುಂಡೂರಾಯರನ್ನು 'ಗುಂ' ಅಂದರು, ಇಡೀ ರಾಜ್ಯ ನಕ್ಕಿತು. ಅದು ಕುರ್ಚಿಯಲ್ಲಿ ಕೂತವರಿಗೆ ಬಿದ್ದ ಏಟು. ಹೆಗಡೆಯವರ ಸರ್ಕಾರ ಬಂದ ಮೇಲೆ ಅದನ್ನೂ ಅವರ ಪತ್ರಿಕೆ ಬಿಡಲಿಲ್ಲ. ನಿಮ್ಮ 'ಗುಲಾಮರು' ಯಾರಿಗೆ ತಾಗುತ್ತದೆ, ಯೋಚಿಸಿ. ಶಾಸಕರಿಗೆ ತಾಗುವುದಿಲ್ಲ, ಅವರು ಓದುವುದೂ ಇಲ್ಲ. 2018ರಲ್ಲಿ ಆ ಪಕ್ಷಕ್ಕೆ ವೋಟು ಹಾಕಿ, ಈಗ ಚಹಾ ಕುಡಿಯುತ್ತಾ ನಿಮ್ಮ ಲೇಖನ ಬಿಡಿಸಿದ ಓದುಗನಿಗೆ ತಾಗುತ್ತದೆ. ಅವನ ಮನಸ್ಸು ಬದಲಿಸಬೇಕೆಂದೇ ತಾನೆ ನೀವು ಬರೆಯಲು ಕೂತದ್ದು?

ಇದನ್ನೆಲ್ಲ ಹೇಳುವ ನಾನು ಸಾಚಾ ಅಂತ ತಿಳಿಯಬೇಡಿ. 2010ರ ಅಕ್ಟೋಬರಿನಲ್ಲಿ ರಾಜ್ಯಪಾಲ ಹಂಸರಾಜ್ ಭಾರದ್ವಾಜ್ ಅವರು ರಾಷ್ಟ್ರಪತಿ ಆಳ್ವಿಕೆಗೆ ಶಿಫಾರಸು ಮಾಡಿದಾಗ, ನಾನಾಗ ಕೆಲಸ ಮಾಡುತ್ತಿದ್ದ ಜಿಲ್ಲಾ ಪತ್ರಿಕೆಯಲ್ಲಿ 'ರಾಜಭವನಕ್ಕೆ ಲಕ್ಷ್ಮಣರೇಖೆ ಇರಲಿ' ಅಂತ ಬರೆದೆ. ಮೂರೇ ತಿಂಗಳಿಗೆ, 2011ರ ಜನವರಿಯಲ್ಲಿ ಅದೇ ರಾಜ್ಯಪಾಲರು ಮುಖ್ಯಮಂತ್ರಿ ಯಡಿಯೂರಪ್ಪನವರ ಮೇಲೆ ಮೊಕದ್ದಮೆಗೆ ಅನುಮತಿ ಕೊಟ್ಟಾಗ 'ರಾಜಭವನದ ಗಟ್ಟಿ ಹೆಜ್ಜೆ' ಅಂತ ಬರೆದೆ. ಎರಡರ ನಡುವೆ ಕಾನೂನಿನ ವ್ಯತ್ಯಾಸವಿತ್ತು. ಅನುಮತಿಯ ವಿಷಯದಲ್ಲಿ ರಾಜ್ಯಪಾಲರು ಸಂಪುಟದ ಸಲಹೆ ಮೀರಿ ಸ್ವಂತ ವಿವೇಚನೆ ಬಳಸುವ ಸಂದರ್ಭಗಳಿವೆ ಅಂತ 2004ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. ನಾನು ಅದನ್ನು ಬರೆದೆನೇ? ಇಲ್ಲ. ಆ ತಿಂಗಳು ನನಗೆ ರಾಜ್ಯಪಾಲರು ಇಷ್ಟವಾಗಿದ್ದರು, ಅಷ್ಟೇ. ವಾರದ ನಂತರ ಒಂದು ಲಕೋಟೆ ಬಂತು. ಒಳಗೆ ನನ್ನವೇ ಎರಡು ಲೇಖನದ ಕತ್ತರಿಕೆ, ಒಂದಕ್ಕೊಂದು ಗುಂಡುಸೂಜಿ ಚುಚ್ಚಿ ಜೋಡಿಸಿದ್ದವು. ಕಾಗದವಿಲ್ಲ, ಬೈಗುಳವಿಲ್ಲ. ಕಳಿಸಿದವರು ನಿವೃತ್ತ ಮೇಷ್ಟ್ರು ಅಂತ ಲಕೋಟೆಯ ಹಿಂಬದಿಯ ವಿಳಾಸದಿಂದ ತಿಳಿಯಿತು. ಆ ಗುಂಡುಸೂಜಿ ಬಹಳ ದಿನ ನನ್ನ ಡ್ರಾಯರಿನಲ್ಲಿತ್ತು.

ಆ ಪ್ರಸಂಗಕ್ಕೆ 2024ರಲ್ಲಿ ಎರಡನೇ ಅಂಕ ಸಿಕ್ಕಿತು, ನೋಡಿ. ರಾಜ್ಯಪಾಲ ಗೆಹಲೋತ್ ಅವರು ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ನಿವೇಶನಗಳ ವಿಷಯದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಮೇಲೆ ತನಿಖೆಗೆ ಅನುಮತಿ ಕೊಟ್ಟರು, ಸೆಪ್ಟೆಂಬರಿನಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 2011ರಲ್ಲಿ ಆಳುವ ಬಿಜೆಪಿಯೇ ರಾಜ್ಯ ಬಂದ್ ಮಾಡಿ ರಾಜ್ಯಪಾಲರನ್ನು ವಾಪಸ್ ಕರೆಸಿಕೊಳ್ಳಿ ಅಂದಿತ್ತು. 2024ರಲ್ಲಿ ಆಳುವ ಕಾಂಗ್ರೆಸ್ ಬೀದಿಗಿಳಿಯಿತು. ಘೋಷಣೆ ಹೆಚ್ಚುಕಡಿಮೆ ಅದೇ, ಬಾವುಟ ಬೇರೆ. ನಿಮ್ಮ ಲೇಖನ ಬಂದ ವಾರವೇ ನಿಮ್ಮ ಎದುರು ಪಾಳೆಯದವರೊಬ್ಬರದ್ದೂ ಬಂದಿತ್ತು. ಭಾರದ್ವಾಜರು 'ಸಂವಿಧಾನದ ಕಾವಲುಗಾರ', ಗೆಹಲೋತರು 'ಕೇಂದ್ರದ ಏಜೆಂಟ್'. ಅಲ್ಲೂ ಕೆಂಪು ಪೆನ್ನಿಗೆ ಬಿಡುವಿರಲಿಲ್ಲ, 'ಗುಲಾಮರು' ಇದ್ದ ಜಾಗದಲ್ಲಿ 'ಭಕ್ತರು' ಇದ್ದರು. ಅವರಿಗೂ ಇಂಥದೇ ಒಂದು ಪತ್ರ ಹೋಗಿದೆ. ನಿಮ್ಮಿಬ್ಬರನ್ನು ಒಂದು ಬೆಂಚಿನಲ್ಲಿ ಕೂರಿಸಿ ಒಬ್ಬರ ಲೇಖನಕ್ಕೆ ಇನ್ನೊಬ್ಬರಿಂದ ಹೆಸರು ಬದಲಿಸಿ ಓದಿಸಬೇಕು ಅನ್ನಿಸಿತು.

ನೀವು ಮನೆಯಲ್ಲೇ ಅದನ್ನು ಮಾಡಿ ನೋಡಿ. ಲೇಖನ ಮುಗಿದ ಮೇಲೆ ಬಿಜೆಪಿ ಇದ್ದಲ್ಲೆಲ್ಲ ಕಾಂಗ್ರೆಸ್ ಅಂತ ಹಾಕಿ, ಕಾಂಗ್ರೆಸ್ ಇದ್ದಲ್ಲಿ ಬಿಜೆಪಿ. ಜೋರಾಗಿ ಓದಿ. ಎಲ್ಲಿ ನಾಲಿಗೆ ತಡವರಿಸುತ್ತದೋ ಅಲ್ಲಿ ಮತ್ತೆ ಕೂತು ಬರೆಯಿರಿ. ಮೂರನೇ ಲೇಖನಕ್ಕೆ ಹೆಸರು ಬದಲಿಸುವ ಕಷ್ಟವೂ ಬೇಡ. 2019ರಲ್ಲಿ ಕಾಂಗ್ರೆಸ್ ಬಿಟ್ಟುಬಂದ ಎಸ್‌.ಟಿ. ಸೋಮಶೇಖರ್ ನಿಮ್ಮ ಲೇಖನದಲ್ಲಿ 'ಆತ್ಮಸಾಕ್ಷಿಗೆ ಓಗೊಟ್ಟವರು'. 2024ರ ಫೆಬ್ರುವರಿಯ ರಾಜ್ಯಸಭೆ ಚುನಾವಣೆಯಲ್ಲಿ ಬಿಜೆಪಿಯಲ್ಲಿದ್ದುಕೊಂಡೇ ಕಾಂಗ್ರೆಸ್ಸಿಗೆ ವೋಟು ಹಾಕಿದ ಅದೇ ಸೋಮಶೇಖರ್ 'ಬೆನ್ನಿಗೆ ಚೂರಿ ಹಾಕಿದವರು'. ಮನುಷ್ಯ ಅವನೇ, ಮಾಡಿದ್ದೂ ಹೆಚ್ಚುಕಡಿಮೆ ಅದನ್ನೇ. ನಡುವೆ ನಾಲ್ಕು ಪ್ಯಾರಾ ಅಂತರ.

ಅದೇ ಮೂರನೇ ಲೇಖನದ ಕೊನೆಯಲ್ಲಿ, ನೀವೇ ಬೇಡ ಅಂದುಕೊಂಡು ಆವರಣದೊಳಗೆ ಹಾಕಿದ ಆರೇಳು ಸಾಲು ಇವೆ. ಹಿರೇಕೆರೂರಿನ ನಿಮ್ಮ ಕಾಕಾ. ಹುಟ್ಟಾ ಕಮಲದ ಕಾರ್ಯಕರ್ತ, 2018ರಲ್ಲಿ ಬಣಕಾರರ ಪರ ಹಗಲೂ ರಾತ್ರಿ ಓಡಾಡಿ, ಕೆಲವೇ ನೂರು ಮತಗಳಲ್ಲಿ ಕಾಂಗ್ರೆಸ್ಸಿನ ಬಿ.ಸಿ. ಪಾಟೀಲರ ಎದುರು ಸೋತದ್ದಕ್ಕೆ ಎರಡು ದಿನ ಊಟ ಬಿಟ್ಟವರು. 2019ರ ಡಿಸೆಂಬರಿನ ಉಪಚುನಾವಣೆಯಲ್ಲಿ ಅದೇ ಪಾಟೀಲರು ಕಮಲದ ಗುರುತಿನಲ್ಲಿ ನಿಂತಾಗ, ಹಳೇ ಸ್ಕೂಟರಿನ ಮುಂದೆ ಕರಪತ್ರದ ಕಟ್ಟು ಇಟ್ಟುಕೊಂಡು, ಹೋದ ಸಲ ಇವರ ವಿರುದ್ಧ ಮಾತಾಡಿದ ಮನೆಗಳಿಗೇ ಹೋಗಿ ಹಂಚಿದವರು. 'ಏನ್ ಮಾಡೂದಪಾ, ಗುರ್ತ ಅದ ಐತಿ, ಮಾರಿ ಬ್ಯಾರೆ ಆಗೇತಿ' ಅಂದರಂತೆ. ಒಂದು ಮನೆಯ ಅಜ್ಜಿ ಕರಪತ್ರ ತಿರುವಿ ನೋಡಿ, ಮಾತಾಡದೆ ಒಳಗೆ ಹೋಗಿ ಹೋದ ಸಲದ ಕರಪತ್ರ ತಂದು ಇವರ ಕೈಯಲ್ಲಿಟ್ಟಳು ಅಂತ ಬರೆದಿದ್ದೀರಿ. ನನ್ನ ಗುಂಡುಸೂಜಿ ಮೇಷ್ಟ್ರ ಅಕ್ಕನೇ ಇರಬೇಕು ಆಕೆ.

ಮೂರೂ ಲೇಖನದಲ್ಲಿ ನೀವು ಪಕ್ಷ ಮರೆತು ಬರೆದ ಸಾಲುಗಳು ಇವೇ, ಇಲ್ಲಿ ಬೈಗುಳವೂ ಇಲ್ಲ. ಉಳಿದದ್ದನ್ನೆಲ್ಲ ಬದಿಗಿಟ್ಟು ಇದನ್ನು ಬರೆದು ಕಳಿಸಿ, ಏಳುನೂರು ಪದ ಸಾಕು, ಬರುವ ತಿಂಗಳ 10ರೊಳಗೆ. ಕಾಕಾನ ಹೆಸರು ಬೇಡ. ಅವರು ಹೋದ ಬೀದಿಗಳು ಬೇಕು, ಕರಪತ್ರದಲ್ಲಿ ಏನು ಅಚ್ಚಾಗಿತ್ತು ಬೇಕು, ಯಾರು ಬಾಗಿಲು ಹಾಕಿಕೊಂಡರು, ಯಾರು ಕೂರಿಸಿ ಚಹಾ ಕೊಟ್ಟರು ಬೇಕು. ಕಮಲದ ಮೇಲಿನ ಅವರ ಅಭಿಮಾನವನ್ನು ನನಗಾಗಿ ಕಮ್ಮಿ ಮಾಡಬೇಡಿ.

ಇನ್ನೊಂದು. 2023ರಲ್ಲಿ ಬಣಕಾರರು ಕೈ ಗುರುತಿನಲ್ಲಿ ನಿಂತು ಪಾಟೀಲರನ್ನು ಸೋಲಿಸಿದರು. ಆ ಚುನಾವಣೆಯಲ್ಲಿ ಕಾಕಾ ಸ್ಕೂಟರ್ ತೆಗೆದರೋ, ತೆಗೆದರೆ ಯಾರ ಕರಪತ್ರ ಇಟ್ಟುಕೊಂಡರೋ ನೀವು ಬರೆದಿಲ್ಲ. ಫೋನ್ ಮಾಡಿ ಕೇಳಿ.

ಇಂತಿ,
ಸಂಪಾದಕ